ಗಾಡಿ ಒಂದೇ ಇರೋ ಲ್ಯಾಬಿಗೆ ಡಾಂಕಿ ಕಾರ್ ಸಿಮ್ಯುಲೇಟರ್

ಡಾಂಕಿ ಕಾರ್ ಅಂದ್ರೆ ನಾವು ಓಡಿಸಿದ್ದನ್ನ ಕ್ಯಾಮೆರಾ ಚಿತ್ರಗಳಿಂದ ಕಲಿತು ಆಮೇಲೆ ತಾನೇ ಓಡೋ ಪುಟ್ಟ ಕಾರು. ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಅದು ಇರೋದು ಒಂದೇ. ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್, ಒಂದು ಕ್ಯಾಮೆರಾ, ರಿಮೋಟ್ ಕಾರಿನ ಚಾಸಿ, ಅಷ್ಟೆ. ಬ್ಯಾಟರಿ ಚಾರ್ಜ್ ಆಗೋವರೆಗೂ ಹುಡುಗರು ಮುಖ ಮುಖ ನೋಡಿಕೊಂಡು ಕೂರಬೇಕು. ಅದಕ್ಕೇ ಈ ಸೆಮಿಸ್ಟರ್ ಎಲ್ಲ ಮೆಷಿನ್‌ಗಳಿಗೂ ಸಿಮ್ಯುಲೇಟರ್, ಅಂದ್ರೆ ಅದೇ ಕಾರನ್ನ ಪರದೆ ಮೇಲೆ ಓಡಿಸೋ ಸಾಫ್ಟ್‌ವೇರ್, ಹಾಕಿಸಿದೆ.

ಯೂನಿಟಿ ಅನ್ನೋ ಗೇಮ್ ಎಂಜಿನ್‌ನಲ್ಲಿ ಕಟ್ಟಿದ್ದು, ಗಿಟ್‌ಹಬ್‌ನಲ್ಲಿ ಪುಕ್ಕಟೆ ಸಿಗುತ್ತೆ. ನನಗೆ ಹಿಡಿಸಿದ್ದು ಏನಂದ್ರೆ, ನಿಜವಾದ ಗಾಡಿಯ ಪ್ರೋಗ್ರಾಮೇ ಇಲ್ಲೂ ಓಡುತ್ತೆ. ಮೈಕಾನ್ಫಿಗ್ ಅನ್ನೋ ಸೆಟ್ಟಿಂಗ್ಸ್ ಫೈಲಿನಲ್ಲಿ ಡಾಂಕಿ ಜಿಮ್ ಅನ್ನೋದನ್ನ ಟ್ರೂ ಮಾಡಿ, ಸಿಮ್ಯುಲೇಟರ್ ಎಲ್ಲಿದೆ, ಟ್ರ್ಯಾಕ್ ಯಾವುದು ಅಂತ ಬರೆದರೆ ಮುಗೀತು. ಬ್ರೌಸರ್‌ನಲ್ಲಿ 8887ನೇ ಪೋರ್ಟ್ ತೆರೆದರೆ ಅದೇ ಕಂಟ್ರೋಲ್ ಪುಟ, ಅದೇ 160×120 ಚಿತ್ರ. ಕೂಡಿಸಿದ ಡೇಟಾದಿಂದ ಮಾಡೆಲ್ಲಿಗೆ, ಅಂದ್ರೆ ಕಾರು ಓಡಿಸೋ ಪ್ರೋಗ್ರಾಮಿಗೆ, ಕಲಿಸೋ (ಟ್ರೇನ್ ಮಾಡೋ) ಕಮಾಂಡ್ ಕೂಡ ಅದೇ. ಮಿನಿ ಮೊನಾಕೊ ಟ್ರ್ಯಾಕ್ ನೋಡೋಕೆ ಚೆಂದ ಅಂತ ಹುಡುಗರು ಮೊದಲು ಅಲ್ಲಿಗೇ ನುಗ್ತಾರೆ; ಆದ್ರೆ ನೀವು ಜನರೇಟೆಡ್ ಅನ್ನೋ ಟ್ರ್ಯಾಕಿನಿಂದ ಶುರು ಮಾಡಿಸಿ.

ಕೀಬೋರ್ಡಿನಲ್ಲಿ ಓಡಿಸಿ ಡೇಟಾ ಕೂಡಿಸೋದು ಮಾತ್ರ ಬೇಡ. ಜೆ ಒತ್ತಿದರೆ ಎಡಕ್ಕೆ, ಎಲ್ ಒತ್ತಿದರೆ ಬಲಕ್ಕೆ, ಗಕ್ ಗಕ್ ಅಂತ ತಿರುಗುತ್ತೆ. ಮಾಡೆಲ್ ಅದನ್ನೇ ಕಲಿತು ನೇರ ದಾರಿಯಲ್ಲೂ ಹಾವಿನ ಹಾಗೆ ಹೋಗುತ್ತೆ. ಯಾರದಾದ್ರೂ ಮನೆಯಲ್ಲಿ ಧೂಳು ಹಿಡಿದಿರೋ ಗೇಮ್‌ಪ್ಯಾಡ್ ತರಿಸಿ, ಸಾಕು.

ಕೊರತೆ ಇಲ್ಲ ಅಂತಲ್ಲ. ಸಿಮ್ಯುಲೇಟರ್‌ನಲ್ಲಿ ಬ್ಯಾಟರಿ ಇಳಿಯೋದೇ ಇಲ್ಲ. ನಿಜವಾದ ಗಾಡಿಯಲ್ಲಿ ಫುಲ್ ಚಾರ್ಜ್ ಇದ್ದಾಗ ಥ್ರಾಟಲ್ (ಮೋಟರಿಗೆ ಕೊಡೋ ಜೋರು) 0.3 ಕೊಟ್ಟರೆ ಬರೋ ವೇಗವೇ ಬೇರೆ, ಬ್ಯಾಟರಿ ಸೋತಾಗ ಬರೋದೇ ಬೇರೆ. ನಮ್ಮ ಕಾರಿಡಾರಿನ ಟೈಲ್ಸ್ ಮೇಲೆ ಹೊಳೆಯೋ ಟ್ಯೂಬ್‌ಲೈಟೂ ಇಲ್ಲಿಲ್ಲ. ಹಾಗಾಗಿ ಇಲ್ಲಿ ಸಲೀಸಾಗಿ ಸುತ್ತೋ ಮಾಡೆಲ್ಲನ್ನ ಹಾಗೇ ತಂದು ಗಾಡಿಗೆ ಹಾಕಿದರೆ ಗೋಡೆಗೆ ಗುದ್ದುತ್ತೆ. ನೆಲದ ಮೇಲೆ ಮತ್ತೆ ಡೇಟಾ ಕೂಡಿಸಲೇಬೇಕು.

ಕಾನ್ಫಿಗ್‌ನಲ್ಲಿ ಸಿಮ್ ಆರ್ಟಿಫಿಶಿಯಲ್ ಲೇಟೆನ್ಸಿ (ಕಂಟ್ರೋಲನ್ನ ಬೇಕಂತಲೇ ತಡ ಮಾಡೋದು) ಅಂತ ಒಂದು ಸಾಲಿದೆ, ಯಾರೂ ಮುಟ್ಟಲ್ಲ. ಸೊನ್ನೆ ಇರೋದನ್ನ 100 ಮಿಲಿಸೆಕೆಂಡ್ ಮಾಡಿ ನೋಡಿ: ನೀಟಾಗಿ ಹೋಗ್ತಿದ್ದ ಕಾರು ತಿರುವು ಬಂದು ಹೋದಮೇಲೆ ಸ್ಟೀರಿಂಗ್ ತಿರುಗಿಸುತ್ತೆ. ಕಂಟ್ರೋಲ್ ತಡವಾದರೆ ಏನಾಗುತ್ತೆ ಅಂತ ಬೋರ್ಡಿನ ಮೇಲೆ ಬರೆದು ಒದ್ದಾಡೋ ಬದಲು ನಾನೀಗ ಇದನ್ನೇ ತೋರಿಸ್ತೀನಿ.

ಲಿನಕ್ಸ್‌ನವರು ಜಿಪ್ ಬಿಚ್ಚಿದ ಮೇಲೆ ಸಿಮ್ಯುಲೇಟರ್ ಫೈಲಿಗೆ ಎಕ್ಸಿಕ್ಯೂಟ್ ಪರ್ಮಿಷನ್ (ಓಡೋಕೆ ಅನುಮತಿ) ಕೊಡಿ. ಇಲ್ಲಾಂದ್ರೆ ಅದು ಏಳೋದೇ ಇಲ್ಲ.