ಮಿಂಟ್‌ನ ಡಿಕ್ಕಿಯಲ್ಲಿ ಸ್ಟೆಪ್ನಿ ಉಂಟು

2016ರಲ್ಲಿ ಒಂದೇ ದಿನ ಎರಡು ಲ್ಯಾಪ್‌ಟಾಪ್ ತಂದಿದ್ದೆವು. ಒಂದು ನನಗೆ, ಇನ್ನೊಂದು ಹೆಂಡತಿಗೆ. ಒಂದೇ ಮಾಡೆಲ್, ಇಂಟೆಲ್‌ನ 6ನೇ ತಲೆಮಾರಿನ ಐ3, ಆಮೇಲೆ ಹಾಕಿಸಿದ 8 ಜಿಬಿ ರ‍್ಯಾಮ್ ಮತ್ತು ಎಸ್‌ಎಸ್‌ಡಿ. ವಿಂಡೋಸ್ 10ರ ಆಯುಷ್ಯ 2025ರ ಅಕ್ಟೋಬರ್ 14ಕ್ಕೆ ಮುಗಿಯುವುದು ಮೊದಲೇ ಗೊತ್ತಿತ್ತು. ವಿಂಡೋಸ್ 11 ಈ ಚಿಪ್ಪನ್ನು ಹೊಸ್ತಿಲು ದಾಟಿಸುವುದಿಲ್ಲ ಎಂಬುದೂ ಗೊತ್ತಿತ್ತು. ಬ್ಯಾಟರಿ ಸತ್ತದ್ದು ಬಿಟ್ಟರೆ ಯಂತ್ರಗಳಿಗೆ ಬೇರೆ ರೋಗ ಇರಲಿಲ್ಲ, ಗುಜರಿಗೆ ಕೊಡಲಿಕ್ಕೆ ಮನಸ್ಸು ಬರಲಿಲ್ಲ. ಹೇಗೂ ಎರಡುಂಟಲ್ಲ ಎಂದು ಅವಳದ್ದಕ್ಕೆ ಲಿನಕ್ಸ್ ಮಿಂಟ್ 22 ಹಾಕಿದೆ, ನನ್ನದಕ್ಕೆ ಆರ್ಚ್ ಲಿನಕ್ಸ್. ಎರಡೂ ವಿಂಡೋಸ್ ಬದಲಿಗೆ ಹಾಕಬಹುದಾದ ಲಿನಕ್ಸ್ ಎಂಬ ಪುಕ್ಕಟೆ ವ್ಯವಸ್ಥೆಯ ಬೇರೆ ಬೇರೆ ರೂಪಗಳು, ಡಿಸ್ಟ್ರೋ ಎನ್ನುತ್ತಾರೆ. ಒಂದು ಹೊಸಬರಿಗೆಂದೇ ಹೆಸರಾದದ್ದು, ಇನ್ನೊಂದು ಬಿಚ್ಚಿ ಜೋಡಿಸುವ ಚಟ ಇರುವವರದ್ದು. 2025ರ ಮಾರ್ಚ್‌ನಿಂದ ಎರಡೂ ಒಂದೇ ಮೇಜಿನ ಮೇಲೆ ಓಡುತ್ತಿವೆ.

ನನ್ನ ಕಸುಬು ಉಡುಪಿಯಲ್ಲಿ ಮನೆಯಲ್ಲೇ ಕೂತು ಮಾಡುವ ಕನ್ನಡ ಟೈಪಿಂಗ್ ಮತ್ತು ಪುಟವಿನ್ಯಾಸ. ಬ್ರಹ್ಮಕಲಶೋತ್ಸವದ ಆಮಂತ್ರಣ, ಯಕ್ಷಗಾನದ ಕರಪತ್ರ, ಶಾಲೆಯ ವಾರ್ಷಿಕ ಸಂಚಿಕೆ, ಇಂಥವು. ಹಾಗಾಗಿ ಗೇಮ್ ಹೇಗೆ ಓಡುತ್ತದೆ ಎಂದು ನನ್ನನ್ನು ಕೇಳಬೇಡಿ. ಟ್ಯಾಲಿ ಬೇಕಾದವರಿಗೂ ಈ ಬರಹದಿಂದ ಪ್ರಯೋಜನ ಇಲ್ಲ, ಅದು ಎರಡರಲ್ಲೂ ನೇರವಾಗಿ ಕೂರುವುದಿಲ್ಲ.

ಮಿಂಟ್ ಹಾಕಿದ ಕಥೆ ಹೇಳುವಷ್ಟಿಲ್ಲ. ಪೆನ್‌ಡ್ರೈವ್ ಸಿಕ್ಕಿಸಿ ಬೂಟ್ ಮಾಡಿದರೆ ಇನ್‌ಸ್ಟಾಲ್ ಮಾಡುವ ಮೊದಲೇ ಇಡೀ ಡೆಸ್ಕ್‌ಟಾಪ್ ಎದುರು ಬಂತು, ವೈಫೈ ಹಿಡಿಯಿತು. ಆರೇಳು ಪ್ರಶ್ನೆ ಕೇಳಿತು, ಉತ್ತರ ಕೊಟ್ಟೆ, ಚಾ ಕುಡಿದು ಬರುವಾಗ ಮುಗಿದಿತ್ತು.

ಆರ್ಚ್‌ಗೆ ಎರಡು ಸಂಜೆ ಹಿಡಿಯಿತು. 2021ರಿಂದ ಅದರ ಪೆನ್‌ಡ್ರೈವ್‌ನಲ್ಲೇ ಆರ್ಚ್‌ಇನ್‌ಸ್ಟಾಲ್ ಎಂಬ ಸಹಾಯಕ ಬರುತ್ತದೆ, ಪ್ರಶ್ನೆ ಕೇಳಿ ಕೆಲಸ ಮುಗಿಸಿಕೊಡುತ್ತದೆ. ನಾನು ಹಠಕ್ಕೆ ಬಿದ್ದು ಕೈಯಾರೆ ಹಾಕಿದೆ. ಕಪ್ಪು ಪರದೆ, ಮಿಣುಕುವ ಕರ್ಸರ್, ಪಕ್ಕದಲ್ಲಿ ಮೊಬೈಲ್‌ನಲ್ಲಿ ಆರ್ಚ್‌ವಿಕಿ ಎಂಬ ಆನ್‌ಲೈನ್ ಕೈಪಿಡಿ. ಡಿಸ್ಕ್ ನಾವೇ ಭಾಗ ಮಾಡಬೇಕು, ಭಾರತದ ಸಮಯಕ್ಕೆ ಕೋಲ್ಕತಾ ಹೆಸರಿನ ಗಡಿಯಾರವನ್ನು ನಾವೇ ಜೋಡಿಸಬೇಕು, ಭಾಷೆಗಳ ಉದ್ದನೆಯ ಪಟ್ಟಿಯಲ್ಲಿ ಕನ್ನಡದ ಸಾಲು ಹುಡುಕಿ ಅದರ ಮುಂದಿನ ಹ್ಯಾಶ್ ಗುರುತನ್ನು ನಾವೇ ಅಳಿಸಬೇಕು. ಯಕ್ಷಗಾನದ ಚೌಕಿಯಲ್ಲಿ ಕಲಾವಿದರು ತಮ್ಮ ಮುಖದ ಬಣ್ಣ ತಾವೇ ಬರೆದುಕೊಳ್ಳುತ್ತಾರಲ್ಲ, ಹಾಗೆ. ಎಲ್ಲ ಮುಗಿಸಿ ಹೆಮ್ಮೆಯಿಂದ ರೀಸ್ಟಾರ್ಟ್ ಮಾಡಿದರೆ ಇಂಟರ್ನೆಟ್ ಇಲ್ಲ. ಪೆನ್‌ಡ್ರೈವ್‌ನಲ್ಲಿದ್ದ ವೈಫೈ ಸಲಕರಣೆ ಡಿಸ್ಕಿಗೆ ತಾನಾಗಿ ಬರುವುದಿಲ್ಲ, ನೆಟ್‌ವರ್ಕ್‌ಮ್ಯಾನೇಜರ್ ಬೇಕು ಎಂದು ನಾನು ಬಾಯಿಬಿಟ್ಟು ಕೇಳಬೇಕಿತ್ತು. ಕೇಳಿರಲಿಲ್ಲ. ಮತ್ತೆ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಒಳಹೊಕ್ಕು ಹಾಕಿದೆ. ಹೊಸಬರು ಮಾಡುವ ಮಾಮೂಲಿ ತಪ್ಪು ಇದು.

ಇನ್ನು ಕನ್ನಡ. ನನಗೆ ಹೋಲಿಕೆ ನಿಜವಾಗಿ ಶುರುವಾದದ್ದು ಇಲ್ಲಿ. ಮಿಂಟ್‌ನಲ್ಲಿ ಮೊದಲ ಕ್ಷಣದಿಂದಲೇ ಕನ್ನಡ ಒತ್ತಕ್ಷರ ಸಮೇತ ಸರಿಯಾಗಿ ಮೂಡಿತು. ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಕಗಪ ಎಂಬ ಕನ್ನಡ ಕೀಲಿ ವಿನ್ಯಾಸ ಸೇರಿಸಿದೆ, ನುಡಿ ತಂತ್ರಾಂಶದಲ್ಲಿ ಪಳಗಿದ ಬೆರಳು ಅಭ್ಯಾಸದಂತೆ ಎಫ್ ಒತ್ತಿ ಅರ್ಧಾಕ್ಷರ ಮಾಡಿತು. ಮೆನುಗಳ ಕನ್ನಡ ಅನುವಾದ ಮಾತ್ರ ಅರ್ಧಂಬರ್ಧ. ಒಂದು ಸಾಲು ಕನ್ನಡ, ಮುಂದಿನ ಸಾಲು ಇಂಗ್ಲಿಷ್. ಕಿರಿಕಿರಿಯಾಗಿ ಪೂರ್ತಿ ಇಂಗ್ಲಿಷ್‌ಗೇ ಬದಲಿಸಿಕೊಂಡೆ.

ಆರ್ಚ್‌ನಲ್ಲೂ ಅದೇ ಕಗಪ ಸಿಕ್ಕಿತು. "ಉಡುಪಿ" ಎಂದು ಟೈಪ್ ಮಾಡಿದೆ, ಐದು ಚೌಕ ಬಂದವು. ಪ್ರತಿ ಚೌಕದ ಹೊಟ್ಟೆಯಲ್ಲಿ ಇರುವೆ ಗಾತ್ರದ ಅಂಕೆಗಳು. ಮೊದಲನೆಯದರಲ್ಲಿ 0ಸಿ89. ಮೂರಕ್ಷರಕ್ಕೆ ಐದು ಚೌಕ ಯಾಕೆ ಎಂದು ತಲೆ ಕೆರೆದುಕೊಂಡೆ. ಆಮೇಲೆ ಹೊಳೆಯಿತು: ಉ, ಡ, ಉಕಾರ, ಪ, ಇಕಾರ. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯೂನಿಕೋಡ್ ಪದ್ಧತಿಯಲ್ಲಿ 0ಸಿ89 ಎಂದರೆ ನಮ್ಮ ಉ. ಕಂಪ್ಯೂಟರಿಗೆ ನಾನು ಬರೆದದ್ದೆಲ್ಲ ಅರ್ಥವಾಗಿದೆ, ಬರೆದು ತೋರಿಸಲಿಕ್ಕೆ ಅಕ್ಷರರೂಪ ಇಲ್ಲ ಅಷ್ಟೆ. ನೋಟೋ ಫಾಂಟ್‌ಗಳ ಪ್ಯಾಕೇಜ್ ಹಾಕಿದ ಕೂಡಲೇ ಚೌಕಗಳು ಕರಗಿ ಉಡುಪಿ ಆಯಿತು. ಎಷ್ಟೋ ವರ್ಷ ಕನ್ನಡ ಟೈಪ್ ಮಾಡಿದವನಿಗೆ ಇಷ್ಟು ಹತ್ತಿರದಿಂದ ಅದನ್ನು ನೋಡಿದ್ದು ಅದೇ ಮೊದಲು. ಮಿಂಟ್‌ನಲ್ಲಿ ಈ ತೊಂದರೆಯೂ ಬರಲಿಲ್ಲ, ಈ ಪಾಠವೂ ಸಿಗಲಿಲ್ಲ.

ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ರೂಪ ಕೂರಿಸಿದ ಹಳೆಯ ಆಸ್ಕಿ ಕಡತಗಳ ವಿಷಯದಲ್ಲಿ ಎರಡೂ ಸಮ. ದೇವಸ್ಥಾನದವರು ಹದಿನೈದು ವರ್ಷ ಹಿಂದಿನ ಆಮಂತ್ರಣವನ್ನೇ ಕಳಿಸಿ "ದಿನಾಂಕ ಮಾತ್ರ ಬದಲಿಸಿ ಕೊಡಿ" ಎನ್ನುತ್ತಾರೆ. ತೆರೆದರೆ "ಕನ್ನಡ" ಇರಬೇಕಾದ ಕಡೆ ಇಂಗ್ಲಿಷ್ ಪಿ, ತಲೆಮೇಲೆ ಗೀಟು ಹೊತ್ತ ಎ, ಬ್ರಿಟನ್ನಿನ ಪೌಂಡ್ ಗುರುತು. ಹಳೆಯ ಫಾಂಟ್ ತಂದು ಹಾಕಬೇಕು, ಇಲ್ಲವೇ ಯೂನಿಕೋಡ್‌ಗೆ ಪರಿವರ್ತಿಸಿ ಅರ್ಕಾವತ್ತುಗಳನ್ನು ಕಣ್ಣಿಟ್ಟು ತಿದ್ದಬೇಕು. ಯಾವ ಡಿಸ್ಟ್ರೋ ಬಂದರೂ ಆ ಕರ್ಮ ತಪ್ಪುವುದಿಲ್ಲ.

ಪ್ರಿಂಟರ್: ಮಿಂಟ್‌ನಲ್ಲಿ ನಾನು ಹುಡುಕುವ ಮೊದಲೇ ಪಟ್ಟಿಯಲ್ಲಿ ಕೂತಿತ್ತು. ಆರ್ಚ್‌ನಲ್ಲಿ ಕಪ್ಸ್ ಎಂಬ ಮುದ್ರಣ ಸೇವೆ ಹಾಕಿದ ಮೇಲೂ ಕಾಗದ ಹೊರಬರಲಿಲ್ಲ. ಹಾಕಿದ್ದನ್ನು ಚಾಲೂ ಮಾಡುವುದೂ ಅಲ್ಲಿ ಬಳಕೆದಾರನ ಕೆಲಸ. ನೀನು ಹೇಳದ ಯಾವ ಸೇವೆಯನ್ನೂ ನಾನು ಶುರು ಮಾಡುವುದಿಲ್ಲ ಎಂಬುದು ಅದರ ನಿಯಮ.

ಆರ್ಚ್ ಹಗುರ, ಮಿಂಟ್ ಭಾರ ಎನ್ನುವ ಮಾತು ಕೇಳಿರುತ್ತೀರಿ. ಸುಮ್ಮನೆ ಇದ್ದಾಗ ನನ್ನ ಆರ್ಚ್ ಸುಮಾರು 600 ಎಂಬಿ, ಅವಳ ಮಿಂಟ್ 1 ಜಿಬಿ ರ‍್ಯಾಮ್ ಬಳಸುತ್ತಿದ್ದವು ನಿಜ. ಆದರೆ ನನ್ನದರಲ್ಲಿದ್ದದ್ದು ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್, ಅವಳದ್ದರಲ್ಲಿ ಸಿನಮನ್. ಅಂತರದ ದೊಡ್ಡ ಪಾಲು ಅಲ್ಲಿಯದ್ದು. ಎಕ್ಸ್‌ಎಫ್‌ಸಿಇ ಇರುವ ಮಿಂಟ್ ಕೂಡ ಸಿಗುತ್ತದೆ. ಬ್ರೌಸರ್‌ನಲ್ಲಿ ನಾಲ್ಕು ಟ್ಯಾಬ್ ತೆರೆದರೆ ಈ ಲೆಕ್ಕವೆಲ್ಲ ನೀರಿಗೆ.

ಹೊಸತು ಬೇಗ ಬರುವುದು ಆರ್ಚ್‌ಗೆ, ಅದರಲ್ಲಿ ಮಾತಿಲ್ಲ. ಅದು ರೋಲಿಂಗ್ ರಿಲೀಸ್, ಆವೃತ್ತಿ ಸಂಖ್ಯೆಯೇ ಇಲ್ಲ, ದಿನವೂ ಅಪ್‌ಡೇಟ್. ಮಿಂಟ್ 22 ನಿಂತಿರುವುದು ಉಬುಂಟು ಎಂಬ ಇನ್ನೊಂದು ಡಿಸ್ಟ್ರೋದ 2024ರ ಏಪ್ರಿಲ್‌ನ ಆವೃತ್ತಿಯ ಮೇಲೆ, 2029ರವರೆಗೆ ಬೆಂಬಲ. ನಮ್ಮೂರಿನದ್ದೇ ಉದಾಹರಣೆ ಕೊಡುವುದಾದರೆ, ತುಳು-ತಿಗಳಾರಿ ಲಿಪಿ ಯೂನಿಕೋಡ್ ಸೇರಿದ್ದು 2024ರ ಸೆಪ್ಟೆಂಬರ್‌ನ 16ನೇ ಆವೃತ್ತಿಯಲ್ಲಿ, ಅಂದರೆ ಆ ಉಬುಂಟು ಹೊರಬಂದ ಮೇಲೆ. ಆರ್ಚ್‌ನ ಅಕ್ಷರ ಜೋಡಿಸುವ ತಂತ್ರಾಂಶಕ್ಕೆ ಆ ಲಿಪಿಯ ಪರಿಚಯ ಮೊದಲೇ ಆಗಿತ್ತು. ಯಾವ ಗಿರಾಕಿಯೂ ಇನ್ನೂ ತುಳು ಲಿಪಿಯಲ್ಲಿ ಆಮಂತ್ರಣ ಕೇಳದ ಕಾರಣ ನನಗಾದ ಲಾಭ ಸೊನ್ನೆ, ಆ ಮಾತು ಬೇರೆ.

ಬೇಗ ಬರುವುದಕ್ಕೆ ತೆರಬೇಕಾದದ್ದೂ ಉಂಟು. 2025ರ ಜೂನ್‌ನಲ್ಲಿ ಆರ್ಚ್‌ನವರು ಯಂತ್ರದ ಭಾಗಗಳನ್ನು ನಡೆಸುವ ಫರ್ಮ್‌ವೇರ್ ಪ್ಯಾಕೇಜನ್ನು ಹಲವು ತುಂಡು ಮಾಡಿದರು. ಅಪ್‌ಡೇಟ್ ಕೊಟ್ಟರೆ "ಈ ಕಡತ ಆಗಲೇ ಉಂಟು" ಎಂದು ನಿಂತುಬಿಟ್ಟಿತು. ಹಳೆಯದನ್ನು ಕೈಯಾರೆ ಕಿತ್ತು ಹೊಸತು ಹಾಕಿ ಎಂದು ಅವರ ಮುಖಪುಟದಲ್ಲಿ ಬರೆದಿತ್ತು, ಓದಿ ಮಾಡಿದೆ. ಇನ್ನೊಂದು ಸಲ ಪ್ರೆಸ್ಸಿನ ಹುಡುಗ ಬಾಗಿಲಲ್ಲಿ ಕಾಯುತ್ತಿದ್ದ, ಪೆನ್‌ಡ್ರೈವ್ ಹಾಕಿದರೆ ತೆರೆಯುವುದೇ ಇಲ್ಲ. ಬೆಳಗ್ಗೆ ಕರ್ನೆಲ್, ಅಂದರೆ ಇಡೀ ವ್ಯವಸ್ಥೆಯ ತಿರುಳು, ಅಪ್‌ಡೇಟ್ ಆಗಿ, ಓಡುತ್ತಿದ್ದ ಹಳೆಯ ಕರ್ನೆಲ್‌ನ ಡ್ರೈವರ್‌ಗಳು ಡಿಸ್ಕಿನಿಂದ ಹೋಗಿದ್ದವು. ರೀಸ್ಟಾರ್ಟ್ ಮಾಡಿದ ಮೇಲೆ ಸರಿಯಾಯಿತು. "ಎಂತ ಮಾರಾಯ್ರೆ, ಹೊಸ ಕಂಪ್ಯೂಟರಾ?" ಎಂದ.

ಜುಲೈಯಲ್ಲಿ ಒಂದು ಭಾನುವಾರ. ಎರಡಕ್ಕೂ ಒಟ್ಟಿಗೆ ಅಪ್‌ಡೇಟ್ ಕೊಡುವುದು ನನ್ನ ವಾರದ ರೂಢಿ. ಹೊರಗೆ ಆಟಿಯ ಮಳೆ, ತೆಂಗಿನ ಮಡಲು ತಂತಿಯ ಮೇಲೆ ಬಿದ್ದ ಸದ್ದು, ಕರೆಂಟ್ ಹೋಯಿತು. ಆ ಕೋಣೆಗೆ ಇನ್‌ವರ್ಟರ್ ಲೈನ್ ಎಳೆಸಿರಲಿಲ್ಲ. ಬ್ಯಾಟರಿ ಎರಡರಲ್ಲೂ ಇಲ್ಲ. ಎರಡೂ ಪರದೆ ಒಂದೇ ಕ್ಷಣಕ್ಕೆ ಕಪ್ಪು.

ಮಧ್ಯಾಹ್ನ ಕರೆಂಟ್ ಬಂದ ಮೇಲೆ ಮಿಂಟ್ ಎದ್ದಿತು, ಆದರೆ ಹೊಸ ಕರ್ನೆಲ್‌ನಲ್ಲಿ ಅಲ್ಲ. ಬೂಟ್ ಮೆನುವಿನ ಒಳಗಿನ ಪಟ್ಟಿಯಲ್ಲಿ ಹಳೆಯ ಕರ್ನೆಲ್ ಹಾಗೇ ಇತ್ತು, ಅದನ್ನು ಆರಿಸಿದೆ. ಪ್ಯಾಕೇಜ್ ಹಾಕುವುದು ಅರ್ಧಕ್ಕೆ ನಿಂತಿದೆ, ಈ ಕಮಾಂಡ್ ಕೊಡಿ ಎಂದು ಕಮಾಂಡನ್ನೂ ಅದೇ ಹೇಳಿತು. ಹತ್ತು ನಿಮಿಷ.

ಆರ್ಚ್ ಕೊಟ್ಟದ್ದು ಎರಡು ಸಾಲು: ಕರ್ನೆಲ್ ಕಡತ ಸಿಗಲಿಲ್ಲ, ಮೊದಲು ಕರ್ನೆಲ್ ಲೋಡ್ ಮಾಡಿ. ಹಳೆಯದನ್ನು ತೆಗೆದಾಗಿತ್ತು, ಹೊಸದನ್ನು ಇಡುವಷ್ಟರಲ್ಲಿ ಕರೆಂಟ್ ಹೋಗಿತ್ತು. ಅಲ್ಲಿ ಹಾಕಿದ್ದು ಒಂದೇ ಕರ್ನೆಲ್, ಬದಲಿ ಬೇಕೆಂದು ನಾನು ಕೇಳಿರಲಿಲ್ಲ. ಆರ್ಚ್‌ನ ಪೆನ್‌ಡ್ರೈವ್ ಹುಡುಕಿದರೆ, ಅದರಲ್ಲಿ ಪಿಡಿಎಫ್ ತುಂಬಿಸಿ ಪ್ರೆಸ್ಸಿಗೆ ಕೊಟ್ಟಾಗಿತ್ತು. ಮಿಂಟ್‌ನಲ್ಲಿ ಕೂತು ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಮತ್ತೆ ಇಳಿಸಿ ಬೇರೆ ಪೆನ್‌ಡ್ರೈವ್ ಮಾಡಿದೆ. ಬೂಟ್ ಮಾಡಿ, ಡಿಸ್ಕ್ ಜೋಡಿಸಿ, ಒಳಹೊಕ್ಕು, ಅಪ್‌ಡೇಟ್ ಹಾಕುವ ಪ್ಯಾಕ್‌ಮನ್ ಎಂಬ ತಂತ್ರಾಂಶ ಬಿಟ್ಟುಹೋಗಿದ್ದ ಬೀಗದ ಕಡತ ಅಳಿಸಿ, ಅಪ್‌ಡೇಟ್ ಪೂರ್ತಿ ಮಾಡಿ, ಕರ್ನೆಲ್ ಮತ್ತೆ ಹಾಕಿದೆ. ಹೆಂಡತಿ ತನ್ನ ಲ್ಯಾಪ್‌ಟಾಪ್‌ನಲ್ಲಿ ವಿಕಿ ತೆರೆದು ಒಂದೊಂದೇ ಸಾಲು ಓದಿ ಹೇಳುತ್ತಿದ್ದಳು. ಸಂಜೆ ದೀಪ ಹಚ್ಚುವ ಹೊತ್ತಿಗೆ ಎದ್ದಿತು. "ನಿಮ್ಮದು ಸರಿ ಮಾಡ್ಲಿಕ್ಕೆ ನನ್ನದೇ ಬೇಕಾಯ್ತಲ್ಲ" ಎಂದಳು.

ಅವಳ ಮಾತೇ ನನ್ನ ಶಿಫಾರಸು ಎಂದಿಟ್ಟುಕೊಳ್ಳಿ. ಮನೆಯಲ್ಲಿ ಇರುವುದು ಒಂದೇ ಕಂಪ್ಯೂಟರ್ ಆದರೆ ಆರ್ಚ್ ಬೇಡ, ಕಣ್ಣುಮುಚ್ಚಿ ಮಿಂಟ್ ಹಾಕಿ. ಸ್ಟೆಪ್ನಿ ಇಟ್ಟಿದ್ದೇನೆ ಎಂದು ಅದು ಹೇಳುವುದಿಲ್ಲ, ಪಂಕ್ಚರ್ ಆದಾಗ ಡಿಕ್ಕಿಯಲ್ಲಿ ಇರುತ್ತದೆ. ಎರಡನೆಯದೊಂದು ಇದ್ದು, ಭಾನುವಾರ ಹಾಳಾದರೂ ಪರವಾಗಿಲ್ಲ ಎನ್ನುವವರು ಆರ್ಚ್ ಹಾಕಿ ನೋಡಿ. ಆ ವಿಕಿಯಂಥ ಕೈಪಿಡಿ ನಾನು ಇನ್ನೊಂದು ಕಂಡಿಲ್ಲ. ಮಿಂಟ್ ಬಳಸುವಾಗಲೂ ನಾನು ತೆರೆಯುವುದು ಅದನ್ನೇ.

ಈಗ ಆಮಂತ್ರಣಗಳ ಕೆಲಸವೆಲ್ಲ ಮಿಂಟ್‌ನಲ್ಲಿ. ಹೆಂಡತಿಗೆ ಅವಳ ಲ್ಯಾಪ್‌ಟಾಪ್ ಸಿಗುವುದು ರಾತ್ರಿ ಊಟದ ಮೇಲೆ. ನನ್ನದರಲ್ಲಿ ಆರ್ಚ್ ಇನ್ನೂ ಉಂಟು, ಬದಲಿಗಿರಲಿ ಎಂದು ಹೆಚ್ಚು ಕಾಲ ಬೆಂಬಲ ಇರುವ ಎಲ್‌ಟಿಎಸ್ ಕರ್ನೆಲ್ಲನ್ನೂ ಜೊತೆಗೆ ಹಾಕಿಟ್ಟಿದ್ದೇನೆ. ಬ್ಯಾಟರಿ ಇನ್ನೂ ತಂದಿಲ್ಲ.