ಮೊದಲ ಸಿಎನ್‌ಸಿಗೇ ಕಬ್ಬಿಣದ ಚೌಕಟ್ಟು ಬೇಡ: ಒಂದು ‘ಠ’ ಅಕ್ಷರದ ಕಥೆ

ನಾನು ಮನೆಯಲ್ಲಿ ಕಟ್ಟಿದ ಸಿಎನ್‌ಸಿ ಯಂತ್ರ (ಕಂಪ್ಯೂಟರ್ ಹೇಳಿದಂತೆ ತಾನೇ ಓಡಿ ಕೊರೆಯುವ ಯಂತ್ರ) ಹಲಗೆಯ ಮೇಲೆ ಕೊರೆದ ಮೊದಲ ಅಕ್ಷರ ‘ಠ’. ಕನ್ನಡದಲ್ಲಿ ಅದಕ್ಕಿಂತ ದುಂಡಾದ ಅಕ್ಷರ ಇನ್ನೊಂದಿಲ್ಲವಲ್ಲ, ಪರೀಕ್ಷೆಗೆ ಅದೇ ಸರಿ ಎಂದುಕೊಂಡಿದ್ದೆ. ಹೊರಬಂದದ್ದು ಮೊಟ್ಟೆ. ಅದೂ ಒಂದು ಕಡೆಗೆ ವಾಲಿದ, ನಾಲ್ಕು ದಿಕ್ಕಿನಲ್ಲೂ ಸಣ್ಣ ಮೆಟ್ಟಿಲು ಬಿದ್ದ ಮೊಟ್ಟೆ. ಆ ಹೊತ್ತಿಗೆ ಅದಕ್ಕಾಗಿ ಹದಿನಾಲ್ಕು ತಿಂಗಳ ಭಾನುವಾರಗಳು, 1,26,000 ರೂಪಾಯಿ ಮತ್ತು ಒಂದು ವಿದ್ಯುತ್ ಆಘಾತ ಖರ್ಚಾಗಿದ್ದವು. ಮೊದಲು ಹಾಕಿಕೊಂಡಿದ್ದ ಅಂದಾಜು 38,000.

ನಾನು ಲೆಕ್ಕಪತ್ರ ನೋಡುವ ಕೆಲಸದವನು. ಬೆಂಗಳೂರಿನ ಬಸವೇಶ್ವರನಗರದಲ್ಲಿ ಎರಡನೆಯ ಮಹಡಿಯ ಬಾಡಿಗೆ ಮನೆ. ಮರದ ಹಲಗೆಯಲ್ಲಿ ಕನ್ನಡ ಅಕ್ಷರ ಕೊರೆದು ಮನೆಗಳ ಹೆಸರಿನ ಫಲಕ ಮಾಡಬೇಕು ಎಂಬುದಷ್ಟೇ ಆಸೆ. ಅದಕ್ಕೆ ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ) ಹಲಗೆಯ ಪುಟ್ಟ ಯಂತ್ರ ಸಾಕಿತ್ತು. ಆದರೆ ವಿಡಿಯೊಗಳನ್ನು ನೋಡಿ ನೋಡಿ ತಲೆಯಲ್ಲಿ ಒಂದು ಮಾತು ಕೂತುಬಿಟ್ಟಿತ್ತು: ಮರದ್ದು ಅಲುಗಾಡುತ್ತದೆ, ಹೇಗೂ ಮಾಡುವುದಾದರೆ ಒಂದೇ ಸಲ ಗಟ್ಟಿಯಾಗಿ ಕಬ್ಬಿಣದಲ್ಲೇ ಮಾಡಿಬಿಡೋಣ. ಈ ಮಾತು ನಿಮ್ಮ ತಲೆಯಲ್ಲೂ ಓಡುತ್ತಿದ್ದರೆ ದಯವಿಟ್ಟು ಮುಂದೆ ಓದಿ.

ಕಬ್ಬಿಣದ ಅಂಗಡಿಯಿಂದ ಆರಾರು ಮೀಟರಿನ ಮೂರು ಎಂ.ಎಸ್. (ಮೃದು ಉಕ್ಕಿನ) ಚೌಕ ಟ್ಯೂಬ್ ತಂದೆ. 50×50 ಮಿ.ಮೀ., ಗೋಡೆಯ ದಪ್ಪ 3 ಮಿ.ಮೀ., ಮೀಟರಿಗೆ ಹತ್ತಿರಹತ್ತಿರ ನಾಲ್ಕೂಕಾಲು ಕೆ.ಜಿ. ಹತ್ತಿರದ ಗ್ರಿಲ್ ಅಂಗಡಿಯವರು ನಕ್ಷೆ ನೋಡಿ, “ಟ್ಯಾಂಕ್ ಸ್ಟ್ಯಾಂಡಾ ಸಾರ್?” ಎಂದು ಕೇಳಿದರು. ಅಲ್ಲ, ಯಂತ್ರದ ಚೌಕಟ್ಟು ಎಂದೆ. “ಸರಿ, ಸ್ಟ್ಯಾಂಡ್ ತರಹವೇ ಅಲ್ಲವೇ” ಎಂದು ಕೆಲಸಕ್ಕೆ ಕೂತರು. ಮೂಲೆಮಟ್ಟ ಹಿಡಿದು ಅಲ್ಲಲ್ಲಿ ಟ್ಯಾಕ್ (ತಾತ್ಕಾಲಿಕ ಚುಕ್ಕೆ ಬೆಸುಗೆ) ಹಾಕಿದಾಗ ಎರಡೂ ಕರ್ಣಗಳನ್ನು ನಾನೇ ಟೇಪಿನಲ್ಲಿ ಅಳೆದೆ, ಒಂದೇ ಅಳತೆ. ಖುಷಿಯಿಂದ ಮನೆಗೆ ಬಂದೆ. ಅವರು ಒಂದು ಬದಿಯಿಂದ ಶುರುಮಾಡಿ ಎಲ್ಲ ಕೂಡುಗಳಿಗೂ ಒಂದೇ ಓಟದಲ್ಲಿ ಪೂರ್ತಿ ಬೆಸುಗೆ ಹಾಕಿದರು.

ಬೆಸುಗೆ ಆರುವಾಗ ಕುಗ್ಗುತ್ತದೆ. ಕುಗ್ಗುವಾಗ ಟ್ಯೂಬನ್ನು ತನ್ನ ಕಡೆಗೆ ಎಳೆಯುತ್ತದೆ. ಮಾರನೆಯ ದಿನ ಚೌಕಟ್ಟನ್ನು ಸಮನಾದ ನೆಲದ ಮೇಲೆ ಇಟ್ಟರೆ ಒಂದು ಕಾಲು ಗಾಳಿಯಲ್ಲಿ. ಅದರ ಕೆಳಗೆ ಐದು ರೂಪಾಯಿ ನಾಣ್ಯ ಸಲೀಸಾಗಿ ನುಸುಳಿತು. ಕರ್ಣಗಳಲ್ಲಿ ನಾಲ್ಕು ಮಿಲಿಮೀಟರ್ ವ್ಯತ್ಯಾಸ. “ಗೇಟಿಗೆ ಇದು ಲೆಕ್ಕಕ್ಕೇ ಇಲ್ಲ ಸಾರ್” ಎಂದರು ಅವರು. ಅವರ ಮಾತಿನಲ್ಲಿ ಸುಳ್ಳಿಲ್ಲ. ಗೇಟು ಮಾಡುವವರ ಕೈಯಲ್ಲಿ ಯಂತ್ರದ ಹಾಸು ಮಾಡಿಸಿದ ತಪ್ಪು ನನ್ನದು.

ಅದು ಎಂಥ ತಪ್ಪು ಎಂದು ತಿಳಿಸಿದವರು ನಮ್ಮ ಬೀದಿಯ ಹಿರಿಯರೊಬ್ಬರು. ಎಚ್‌ಎಂಟಿಯಲ್ಲಿ ಫಿಟ್ಟರ್ ಆಗಿ ನಿವೃತ್ತರಾದವರು. ಅಯಸ್ಕಾಂತದ ಸ್ಟ್ಯಾಂಡಿನ ಡಯಲ್ ಗೇಜ್ (ಸಣ್ಣ ಏರುಪೇರನ್ನೂ ಮುಳ್ಳಿನಲ್ಲಿ ತೋರಿಸುವ ಅಳತೆ ಸಾಧನ) ತಂದು ಟ್ಯೂಬಿನ ಮೇಲೆ ಎಳೆದರು. ಒಂದು ಮೀಟರ್ ಉದ್ದದಲ್ಲಿ ನಡುವೆ 0.9 ಮಿ.ಮೀ. ಹೊಟ್ಟೆ. “ಇದರ ಮೇಲೆ ರೈಲು ಕೂರಿಸುತ್ತೀಯೇನಪ್ಪಾ?” ಎಂದರು. ರೈಲು ಎಂದರೆ ಯಂತ್ರದ ಭಾಗಗಳು ಜಾರಿ ಓಡುವ ಉಕ್ಕಿನ ಹಳಿ; ಕೂರಿಸಬೇಕಿದ್ದದ್ದು 20 ಮಿ.ಮೀ. ಅಗಲದ್ದು, ಪ್ರತಿ 60 ಮಿ.ಮೀ.ಗೆ ಒಂದು ಬೋಲ್ಟ್. ರೈಲು ಗಟ್ಟಿ, ಅದು ನೆಟ್ಟಗಿದ್ದರೆ ಸಾಕು ಎಂದು ನಾನು ನಂಬಿದ್ದೆ. ವಾಸ್ತವದಲ್ಲಿ ಬೋಲ್ಟು ಬಿಗಿಯುತ್ತಾ ಹೋದಂತೆ ರೈಲು ಕೆಳಗಿನ ಹಾಸಿನ ಆಕಾರವನ್ನೇ ಪಡೆಯುತ್ತದೆ. ಎರಡು ರೈಲುಗಳು ಮಿಲಿಮೀಟರಿನ ನೂರನೆಯ ಭಾಗಗಳ ಲೆಕ್ಕದಲ್ಲಿ ಸಮಾನಾಂತರವಾಗಿ, ಒಂದೇ ಮಟ್ಟದಲ್ಲಿ ಇರಬೇಕು. ಇಲ್ಲದಿದ್ದರೆ ಮೇಲೆ ಓಡುವ ಗ್ಯಾಂಟ್ರಿ (ಕೊರೆಯುವ ಮೋಟಾರನ್ನು ಹೊತ್ತ ಅಡ್ಡತೊಲೆ) ಒಂದು ಕಡೆ ಬೆಣ್ಣೆಯಂತೆ ಜಾರಿ ಇನ್ನೊಂದು ಕಡೆ ಕಚ್ಚಿಕೊಳ್ಳುತ್ತದೆ.

ಅವರು ಹೇಳಿದ ಹಳೆಯ ಪದ್ಧತಿ ಕೇಳಿ ನನಗೆ ನಾಚಿಕೆಯಾಯಿತು. ಎರಕದ ಹಾಸುಗಳನ್ನು ಒಳಗಿನ ಸೆಳೆತ ಇಳಿಯಲಿ ಎಂದು ತಿಂಗಳುಗಟ್ಟಲೆ ಬಯಲಿನಲ್ಲಿ ಬಿಸಿಲು ಮಳೆಗೆ ಬಿಡುತ್ತಿದ್ದರಂತೆ. ಆಮೇಲೆ ಪ್ಲೇನರಿನಲ್ಲಿ ಹೆರೆದು, ನೀಲಿ ಬಣ್ಣ ಸವರಿ, ಎತ್ತರದ ಚುಕ್ಕೆ ಎಲ್ಲಿ ಕಾಣುತ್ತದೋ ಅಲ್ಲಿ ಮಾತ್ರ ಕೈಯಿಂದ ಕೆರೆಯುವುದು. ಯಂತ್ರ ಮಾಡಲು ಇನ್ನೊಂದು ಯಂತ್ರ ಬೇಕಾದರೆ ಮೊಟ್ಟಮೊದಲ ಸಮತಟ್ಟು ಎಲ್ಲಿಂದ ಬಂತು ಎಂದು ಕೇಳಿದೆ. ಮೂರು ಫಲಕಗಳಿಂದ ಎಂದರು. ಎರಡನ್ನು ಒಂದಕ್ಕೊಂದು ಉಜ್ಜಿದರೆ ಒಂದು ಬಟ್ಟಲಾಗಿ ಇನ್ನೊಂದು ಗುಮ್ಮಟವಾಗಿಯೂ ಸರಿಹೊಂದಿಬಿಡಬಹುದು. ಮೂರನ್ನು ಅದಲು ಬದಲು ಮಾಡಿ ಹೊಂದಿಸಿದರೆ ಮೂರೂ ಸಮತಟ್ಟಾಗದೆ ಗತಿಯಿಲ್ಲ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಜೋಸೆಫ್ ವಿಟ್ವರ್ತ್ ಪ್ರಚಾರಕ್ಕೆ ತಂದ ಈ ಉಪಾಯ ಎಷ್ಟು ಚೆಂದ ಎನಿಸಿತು. ನನ್ನ ಬಳಿ ಇದ್ದದ್ದು ಮಾತ್ರ ಒಂದು ಆ್ಯಂಗಲ್ ಗ್ರೈಂಡರ್.

ಸರಿಪಡಿಸಿಕೊಳ್ಳೋಣ ಎಂದು ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಮೂರು ಶನಿವಾರ ಅಲೆದೆ. ಜಾಬ್ ವರ್ಕ್ ಮಾಡುವವರೆಲ್ಲ ಹೆಚ್ಚುಕಡಿಮೆ ಒಂದೇ ಮಾತು ಹೇಳಿದರು. ಮೊದಲು ರೈಲು ಕೂರುವ ಜಾಗಕ್ಕೆ 12 ಮಿ.ಮೀ. ದಪ್ಪದ ಪಟ್ಟಿ ಬೆಸೆಯಬೇಕಿತ್ತು, ಆಮೇಲೆ ಕುಲುಮೆಯಲ್ಲಿ ಸುಮಾರು 600 ಡಿಗ್ರಿಗೆ ಕಾಯಿಸಿ ನಿಧಾನವಾಗಿ ಆರಿಸಬೇಕಿತ್ತು, ಕೊನೆಗೆ ದೊಡ್ಡ ಮಿಲ್ಲಿಂಗ್ ಯಂತ್ರದಲ್ಲಿ ಒಂದೇ ಸಲ ಕಟ್ಟಿ ಎರಡೂ ಪಟ್ಟಿಗಳನ್ನು ಹೆರೆಯಬೇಕಿತ್ತು. ನನ್ನ ಟ್ಯೂಬಿನ ಗೋಡೆಯೇ 3 ಮಿ.ಮೀ. ಅದರಲ್ಲಿ ಒಂದು ಮಿಲಿಮೀಟರ್ ಹೆರೆದರೆ ಉಳಿಯುವುದೇನು? ಈಗ ಪಟ್ಟಿ ಬೆಸೆದರೆ ಮತ್ತೆ ತಿರುಚಿಕೊಳ್ಳುತ್ತದೆ. ಒಬ್ಬರಂತೂ, “ಈ ಖರ್ಚಿಗೆ ಹಳೆಯ ಮಿಲ್ಲಿಂಗ್ ಯಂತ್ರವೇ ಸಿಗುತ್ತದೆ, ಹೋಗಿ” ಎಂದು ಟೀ ಕೊಟ್ಟು ಕಳುಹಿಸಿದರು.

ಅಲ್ಲಿಗೆ ನಿಲ್ಲಿಸಬೇಕಿತ್ತು. ಹಾಕಿದ ದುಡ್ಡು ಕಣ್ಣ ಮುಂದೆ ಕುಣಿಯುತ್ತಿರುವಾಗ ಯಾರು ನಿಲ್ಲಿಸುತ್ತಾರೆ? ತಂಪು ಪಾನೀಯದ ಡಬ್ಬಿ ಕತ್ತರಿಸಿ ರೈಲಿನ ಕೆಳಗೆ ಒಂದೊಂದೇ ತುಂಡು ತುರುಕಿದೆ. ಆ ತಗಡು ಹೆಚ್ಚುಕಡಿಮೆ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗ ದಪ್ಪ, ಅಳತೆಗೆ ಅನುಕೂಲ. ಒಂದು ಬೋಲ್ಟಿನ ಬಳಿ ಸರಿಮಾಡಿದರೆ ಪಕ್ಕದ್ದು ಏರುತ್ತಿತ್ತು. ಆಮೇಲೆ ಎಪಾಕ್ಸಿ ಎಂಬ ದ್ರವ ಅಂಟಿನ ಮೊರೆಹೋದೆ. ತೆಳುವಾದ ಎಪಾಕ್ಸಿ ಸುರಿದರೆ ನೀರಿನಂತೆ ತಾನೇ ಮಟ್ಟಕ್ಕೆ ನಿಂತು ಗಟ್ಟಿಯಾಗುತ್ತದೆ ಎಂಬುದು ನಿಜ. ಆದರೆ ಎರಡೂ ಬದಿಯ ಕಾಲುವೆಗಳನ್ನು ನಡುವೆ ಒಂದು ಸೇತುವೆಯಿಂದ ಕೂಡಿಸಿ ಒಂದೇ ಕೊಳವಾಗಿ ಸುರಿಯಬೇಕು. ನಾನು ಎಡಕ್ಕೊಂದು ಬಲಕ್ಕೊಂದು ಬೇರೆ ಬೇರೆ ಸುರಿದೆ. ಎರಡೂ ತಮ್ಮಷ್ಟಕ್ಕೆ ಸಮತಟ್ಟಾದವು, ಒಂದಕ್ಕಿಂತ ಒಂದು ಒಂದೂವರೆ ಮಿಲಿಮೀಟರ್ ಎತ್ತರದಲ್ಲಿ.

ಕಬ್ಬಿಣ ಎಂದರೆ ಅಲುಗಾಡದು ಎಂಬ ಭ್ರಮೆಯೂ ಬೇಗ ಹರಿಯಿತು. ಬಾಗುವುದು ಲೋಹಕ್ಕಿಂತ ಹೆಚ್ಚಾಗಿ ಕೂಡುಗಳಲ್ಲಿ ಮತ್ತು ಚಾಚಿಕೊಂಡ ತೋಳಿನಲ್ಲಿ. ತೋಳಿನ ಉದ್ದ ಎರಡರಷ್ಟಾದರೆ ಬಾಗು ಎಂಟರಷ್ಟು. ನಾನು ಗ್ಯಾಂಟ್ರಿಯ ಕೆಳಗೆ ಅಡಿಯಷ್ಟು ಜಾಗ ಬಿಟ್ಟಿದ್ದೆ, ಮುಂದೆ ಯಾವಾಗಲಾದರೂ ಬೇಕಾದೀತು ಎಂದು! ಒಳಗೆ ಟೊಳ್ಳಾದ ಟ್ಯೂಬು ಬೇರೆ. ಮೋಟಾರುಗಳು ಒಂದು ವೇಗ ತಲುಪಿದರೆ ಇಡೀ ಚೌಕಟ್ಟು ಜಾಗಟೆಯಂತೆ ಮೊಳಗುತ್ತಿತ್ತು. ಕೆಳಗಿನ ಮನೆಯವರು ಮೇಲೆ ಬಂದು ಪೂಜೆಯೇ ಎಂದು ವಿಚಾರಿಸಿದರು. ಕೊನೆಗೆ ಮರಳು ತುಂಬಿದೆ. ಭಾರ ಇನ್ನಷ್ಟು ಏರಿತು.

ವಿದ್ಯುತ್ತಿನ ಭಾಗವನ್ನು ನಗದೆ ಹೇಳಬೇಕು. 1.5 ಕಿಲೋವ್ಯಾಟ್ ಸ್ಪಿಂಡಲ್ (ಕಟರ್ ತಿರುಗಿಸುವ ಮೋಟಾರು), ಅದನ್ನು ಓಡಿಸಲು ವಿಎಫ್‌ಡಿ (ಮೋಟಾರಿನ ವೇಗ ಹೆಚ್ಚುಕಡಿಮೆ ಮಾಡುವ ಪೆಟ್ಟಿಗೆ). ವಿಎಫ್‌ಡಿಯ ಅರ್ತ್ ತಂತಿಯನ್ನು ಚೌಕಟ್ಟಿಗೂ ಅಲ್ಲಿಂದ ಗೋಡೆಯ ಸಾಕೆಟ್ಟಿಗೂ ಕ್ರಮವಾಗಿ ಜೋಡಿಸಿದ್ದೆ. ಆ ಸಾಕೆಟ್ಟಿನ ಮೂರನೆಯ ತೂತು ಬರಿಯ ಅಲಂಕಾರಕ್ಕಿತ್ತು, ಹಿಂದೆ ತಂತಿಯೇ ಇರಲಿಲ್ಲ. ನೆಲ ಒರೆಸಿದ್ದ ಒಂದು ಬೆಳಗ್ಗೆ ಬರಿಗಾಲಿನಲ್ಲಿ ನಿಂತು ಗ್ಯಾಂಟ್ರಿಯ ಮೇಲೆ ಕೈಯಿಟ್ಟೆ. ಭುಜದವರೆಗೆ ಹೊಡೆದು ಎಸೆಯಿತು. ಮರದ ಯಂತ್ರವಾಗಿದ್ದರೆ ಅಷ್ಟು ದೊಡ್ಡ ವಾಹಕದ ಮೇಲೆ ನನ್ನ ಕೈ ಇರುತ್ತಲೇ ಇರಲಿಲ್ಲ. ಲೋಹದ ಚೌಕಟ್ಟು ಕಟ್ಟುವವರು ಮೋಟಾರು ಕೊಳ್ಳುವ ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಮನೆಯ ಅರ್ತಿಂಗ್ ಪರೀಕ್ಷಿಸಿಕೊಳ್ಳಿ. ಇನ್ನೊಂದು ವಿಷಯ: ಸ್ವಿಚ್ ಆರಿಸಿದ ಮೇಲೂ ವಿಎಫ್‌ಡಿಯೊಳಗಿನ ಕೆಪಾಸಿಟರುಗಳಲ್ಲಿ ಕೆಲವು ನಿಮಿಷ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ. ಮುಚ್ಚಳ ತೆಗೆಯುವ ಆತುರ ಬೇಡ. ಅದೇ ವಿಎಫ್‌ಡಿಯ ವಿದ್ಯುತ್ ಗದ್ದಲದಿಂದ ಲಿಮಿಟ್ ಸ್ವಿಚ್‌ಗಳು (ಓಡಾಟ ಅಂಚು ಮುಟ್ಟಿದ್ದನ್ನು ತಿಳಿಸುವ ಸ್ವಿಚ್‌ಗಳು) ಯಾರೂ ಮುಟ್ಟದೆಯೇ ಕೂಗಿಕೊಂಡು ಯಂತ್ರ ನಿಲ್ಲುತ್ತಿತ್ತು. ಲೋಹದ ಹೆಣಿಗೆಯ ಕವಚವಿರುವ ಕೇಬಲ್ ಹಾಕಿ, ಸ್ವಿಚ್ಚಿನ ತಂತಿಗಳನ್ನು ಸ್ಪಿಂಡಲ್ ತಂತಿಯಿಂದ ದೂರ ಒಯ್ದ ಮೇಲೆ ಅದು ತಣ್ಣಗಾಯಿತು. ಕರೆಂಟ್ ಇರುವಾಗಲೇ ಮೋಟಾರಿನ ತಂತಿ ಕಿತ್ತು ಒಂದು ಡ್ರೈವರ್ (ಮೋಟಾರು ನಡೆಸುವ ಸರ್ಕ್ಯೂಟು) ಸುಟ್ಟದ್ದು ಬೇರೆ.

ಇಷ್ಟೆಲ್ಲ ಆಗಿ ಬಂದದ್ದು ಆ ‘ಠ’. ಫಿಟ್ಟರ್ ಹಿರಿಯರು ಅದನ್ನು ವೈದ್ಯರು ನಾಲಿಗೆ ನೋಡುವಂತೆ ನೋಡಿದರು. ವೃತ್ತ ಓರೆಯಾಗಿ ಮೊಟ್ಟೆಯಾಗಿದೆ, ಅಂದರೆ ಎಕ್ಸ್ ಮತ್ತು ವೈ ಅಕ್ಷಗಳು 90 ಡಿಗ್ರಿಯಲ್ಲಿ ಇಲ್ಲ. ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಮೆಟ್ಟಿಲು ಬಿದ್ದಿದೆ, ಅಂದರೆ ದಿಕ್ಕು ಬದಲಿಸುವಾಗ ಅಕ್ಷ ಓಡಿಸುವ ಸ್ಕ್ರೂವಿನಲ್ಲೋ ಅದನ್ನು ಮೋಟಾರಿಗೆ ಕೂಡಿಸುವ ಕಪ್ಲಿಂಗಿನಲ್ಲೋ ಸಡಿಲವಿದೆ. ಕೊರೆದ ಗುಂಡಿಯ ತಳ ಉತ್ತ ಹೊಲದಂತೆ ಸಾಲುಸಾಲಾಗಿದೆ, ಅಂದರೆ ಸ್ಪಿಂಡಲ್ ನೆಟ್ಟಗಿಲ್ಲ. ಇಂಗ್ಲಿಷಿನ ಇ, ಎಚ್, ಟಿ ಕೊರೆದಿದ್ದರೆ ಇದರಲ್ಲಿ ಅರ್ಧ ರೋಗ ಕಣ್ಣಿಗೆ ಬೀಳುತ್ತಿರಲಿಲ್ಲ. ಗೆರೆಗಳು ಮುಚ್ಚಿಟ್ಟದ್ದನ್ನು ನಮ್ಮ ದುಂಡಕ್ಷರಗಳು ಬಯಲು ಮಾಡುತ್ತವೆ. ಬೋಲ್ಟಿನ ಚೌಕಟ್ಟಾಗಿದ್ದರೆ ಸಡಿಲಿಸಿ, ಹೊಂದಿಸಿ, ಮತ್ತೆ ಬಿಗಿಯಬಹುದಿತ್ತು. ಬೆಸುಗೆಗೆ ಯಾವ ಸ್ಪ್ಯಾನರ್ ಹಾಕಿ ಸಡಿಲಿಸುವುದು?

ಕೊನೆಯ ದಿನ ಮಾತ್ರ ನಿಜವಾಗಿ ಹೆದರಿದೆ. ಕಚ್ಚಿಕೊಳ್ಳುತ್ತಿದ್ದ ಜಾಗದಲ್ಲಿ ಮೋಟಾರು ಹೆಜ್ಜೆ ತಪ್ಪಿ ಕಟರ್ ಹೋಗಿ ಹಲಗೆ ಹಿಡಿದಿದ್ದ ಕ್ಲ್ಯಾಂಪಿಗೆ ಬಡಿಯಿತು. ತುರ್ತು ಗುಂಡಿ ಗುದ್ದಿದೆ. ಓಡಾಟ ನಿಂತಿತು, ಸ್ಪಿಂಡಲ್ ನಿಲ್ಲಲಿಲ್ಲ. ಗುಂಡಿಯ ತಂತಿ ಹೋಗಿದ್ದು ನಿಯಂತ್ರಣ ಫಲಕಕ್ಕೆ ಮಾತ್ರ; ಸ್ಪಿಂಡಲ್ ತನ್ನ ವಿಎಫ್‌ಡಿಯ ಮಾತಷ್ಟೇ ಕೇಳುತ್ತಿತ್ತು. ಸ್ಪಿಂಡಲನ್ನು ಏರಿಸಿ ಇಳಿಸುವ ಬಾಲ್ ಸ್ಕ್ರೂ (ಗುಂಡುಗಳ ಮೇಲೆ ಜಾರುವ ಸ್ಕ್ರೂ) ಸಾಮಾನ್ಯ ಸ್ಕ್ರೂವಿನಂತಲ್ಲ, ಮೋಟಾರಿನ ಹಿಡಿತ ಬಿಟ್ಟರೆ ಭಾರಕ್ಕೆ ತಾನೇ ತಿರುಗುತ್ತದೆ. ನಿಮಿಷಕ್ಕೆ 18,000 ಸುತ್ತು ತಿರುಗುತ್ತಲೇ ಸ್ಪಿಂಡಲ್ ಮೆಲ್ಲಗೆ ಹಲಗೆಯೊಳಗೆ ಇಳಿಯತೊಡಗಿತು. ಮರ ಕರಿಯಾಗಿ ಹೊಗೆ ಎದ್ದಿತು. ವಿಎಫ್‌ಡಿಯ ಗುಂಡಿ ಯಂತ್ರದ ಹಿಂದೆ ಇತ್ತು. ನಾನು ಬಳಸಿಕೊಂಡು ಓಡುವಷ್ಟರಲ್ಲಿ ಕಟರ್ ಮುರಿದು ಒಂದು ಚೂರು ಗೋಡೆಯ ಕ್ಯಾಲೆಂಡರಿನಲ್ಲಿ ನೆಟ್ಟಿತು, ಸರಿಯಾಗಿ ನನ್ನ ಕಣ್ಣಿನ ಎತ್ತರಕ್ಕೆ. ತುರ್ತು ಗುಂಡಿ ಎಂದರೆ ಇಡೀ ಯಂತ್ರಕ್ಕೆ ಬರುವ ಮುಖ್ಯ ವಿದ್ಯುತ್ತನ್ನೇ ಕಾಂಟ್ಯಾಕ್ಟರ್ (ವಿದ್ಯುತ್ತಿನಿಂದಲೇ ನಡೆಯುವ ದೊಡ್ಡ ಸ್ವಿಚ್) ಮೂಲಕ ಕಡಿಯಬೇಕು, ಕೈಗೆ ಎಟುಕಬೇಕು. ಇದು ಮರದ ಯಂತ್ರಕ್ಕೂ ಅನ್ವಯ.

ಹಾಗಾದರೆ ಏನು ಮಾಡಬೇಕಿತ್ತು? ಬಾಗಿಲು ಕೆತ್ತುವ ಸಿಎನ್‌ಸಿ ಅಂಗಡಿಯೊಂದರಲ್ಲಿ ಗಂಟೆಯ ಲೆಕ್ಕದಲ್ಲಿ ದುಡ್ಡು ಕೊಟ್ಟು ಹತ್ತು ಫಲಕ ಮಾಡಿಸಿ, ಪಕ್ಕದಲ್ಲಿ ನಿಂತು ಕಲಿಯಬೇಕಿತ್ತು. ಆಮೇಲೆ 300×180 ಮಿ.ಮೀ. ಅಳತೆಯ, ಬಿಡಿಭಾಗಗಳಾಗಿ ಬರುವ ಪುಟ್ಟ ಯಂತ್ರ ಜೋಡಿಸಬೇಕಿತ್ತು. ಇಲ್ಲವೇ ಎಂಡಿಎಫ್‌ನಲ್ಲೋ ಬೋಲ್ಟ್ ಹಾಕುವ ಅಲ್ಯೂಮಿನಿಯಂ ಪ್ರೊಫೈಲಿನಲ್ಲೋ ಒಂದನ್ನು ಕಟ್ಟಬೇಕಿತ್ತು. ಅದು ಕೆಟ್ಟರೂ ತಪ್ಪು ಎಲ್ಲಿ ಎಂದು ಕಲಿಸಿ ಕೆಡುತ್ತದೆ. ನಾನು ಈಗ ಮಾಡಿರುವುದೂ ಅದನ್ನೇ. ಹಳೆಯ ರೈಲು, ಸ್ಕ್ರೂ, ಮೋಟಾರುಗಳನ್ನು ಕಳಚಿ ದಪ್ಪ ಪ್ಲೈವುಡ್‌ನ ಚಿಕ್ಕ ಯಂತ್ರಕ್ಕೆ ಹಾಕಿದ್ದೇನೆ. ಓರೆಯಾದರೆ ನಾಲ್ಕು ಬೋಲ್ಟ್ ಸಡಿಲಿಸುತ್ತೇನೆ. ‘ಠ’ ದುಂಡಗೆ ಬರುತ್ತಿದೆ, ಹತ್ತಿರದಿಂದ ನೋಡದಿದ್ದರೆ.

ಚೌಕಟ್ಟನ್ನು ಗುಜರಿಗೆ ಹಾಕಲು ಹೊರಟಿದ್ದೆ. ಮನೆಯ ಮಾಲೀಕರು ಅದನ್ನು ಮೆಟ್ಟಿಲಲ್ಲಿ ನೋಡಿ ಇಟ್ಟುಕೊಳ್ಳಲೇ ಎಂದು ಕೇಳಿದರು. ಒಳಗಿನ ಮರಳನ್ನು ಹೊರಗೆ ಸುರಿದು ನಾಲ್ಕು ಜನ ಸೇರಿ ತಾರಸಿಗೆ ಹೊತ್ತೆವು. ಈಗ ಅದರ ಮೇಲೆ 500 ಲೀಟರಿನ ನೀರಿನ ಟ್ಯಾಂಕ್ ಕೂತಿದೆ. ಗಾಳಿಯಲ್ಲಿದ್ದ ಕಾಲಿನ ಕೆಳಗೆ ಐದು ರೂಪಾಯಿ ನಾಣ್ಯ ಇಟ್ಟಿದ್ದೇವೆ, ಅಲುಗಾಡುವುದಿಲ್ಲ.