ಹಲ್ಲಿನೊಳಗಿನ ಪೋಸ್ಟ್: ಲೋಹವೋ ಫೈಬರೋ?

ರೂಟ್ ಕೆನಾಲ್ ಆದ ಹಲ್ಲಿಗೆ ಪೋಸ್ಟ್ (ಮೇಲಿನ ಕ್ಯಾಪಿಗೆ ಆಧಾರವಾಗಿ ಬೇರಿನೊಳಗೆ ಕೂರಿಸುವ ಸಣ್ಣ ಕಡ್ಡಿ) ಬೇಕು ಅಂತ ಡಾಕ್ಟ್ರು ಹೇಳಿದರೆ, ನನ್ನ ಓಟು ಫೈಬರ್‌ಗೆ. ನನ್ನ ಬಾಯಲ್ಲಿ ಎರಡೂ ಇದ್ದವು. ಈಗ ಉಳಿದಿರುವುದು ಫೈಬರ್ ಒಂದೇ.

ಮೊದಲು ಹಾಕಿಸಿದ್ದು ಎರಕದ ಲೋಹದ್ದು, ಕೆಳಗಿನ ಸಣ್ಣ ದವಡೆ ಹಲ್ಲಿಗೆ. ಅಳತೆ ತೆಗೆದು ಲ್ಯಾಬಿಗೆ ಕಳಿಸಿ ಮಾಡಿಸಿದ್ದು. ಒಂದು ದಿನವೂ ಅಲುಗಾಡಲಿಲ್ಲ. ಆದರೆ ಕೆಲವು ವರ್ಷಕ್ಕೆ ಅದರ ಪಕ್ಕದ ವಸಡಿನಲ್ಲಿ ಸಣ್ಣ ಗುಳ್ಳೆ ಎದ್ದಿತು. ಮಾತ್ರೆ ನುಂಗಿದರೆ ಇಳಿಯುತ್ತಿತ್ತು, ಬಿಟ್ಟರೆ ಮತ್ತೆ ಬರುತ್ತಿತ್ತು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ನೋವೂ ಜಾಸ್ತಿ ಇಲ್ಲ, ಮಂಡಕ್ಕಿ ಜೊತೆ ಮಿರ್ಚಿ ಕಚ್ಚಿದಾಗ ಮಾತ್ರ ಚುಳುಕ್ ಅನ್ನುತ್ತಿತ್ತು.

ಕೊನೆಗೆ ಬೇರೊಬ್ಬ ಡಾಕ್ಟ್ರು ಅಳತೆ ಕಡ್ಡಿಯನ್ನು ವಸಡಿನ ಸುತ್ತ ಇಳಿಸುತ್ತಾ ಬಂದರು. ಎಲ್ಲಾ ಕಡೆ 2-3 ಮಿಲಿಮೀಟರ್‌ಗೆ ನಿಂತ ಕಡ್ಡಿ ಒಂದೇ ಕಡೆ ಸರ್ರನೆ ಒಳಗೆ ಹೋಯಿತು. ‘ಬೇರು ಉದ್ದಕ್ಕೆ ಸೀಳಿದೆ, ಕೀಳಲೇಬೇಕು ಸರ್’ ಅಂದರು. ಕಿತ್ತ ಹಲ್ಲನ್ನು ತೋರಿಸಿದರು. ಬೇರಿನ ಮೇಲೆ ಕೂದಲೆಳೆ ಗಾತ್ರದ ಕಪ್ಪು ಗೆರೆ. ಪೋಸ್ಟಿಗೆ ಮಾತ್ರ ಒಂದು ಗೀರೂ ಇಲ್ಲ!

ಜಗಿಯುವಾಗ ಬೇರು ಒಂಚೂರು ಬಾಗುತ್ತದೆ. ಹಲ್ಲಿನ ಮುಖ್ಯ ಭಾಗವಾದ ಡೆಂಟಿನ್‌ನ ಬಿಗಿತ ಸುಮಾರು 18 ಗಿಗಾಪಾಸ್ಕಲ್ (ಬಿಗಿತ ಅಳೆಯುವ ಮಾನ; ಜಾಸ್ತಿ ಇದ್ದಷ್ಟೂ ಬಾಗುವುದು ಕಮ್ಮಿ). ಟೈಟಾನಿಯಂದು 110ರ ಹತ್ತಿರ, ಸ್ಟೀಲಿನದು 200ರ ಹತ್ತಿರ. ಹಾಗಾಗಿ ಬೇರು ಬಾಗಿದರೂ ಲೋಹ ಬಾಗುವುದಿಲ್ಲ. ಒತ್ತಡವೆಲ್ಲ ಪೋಸ್ಟಿನ ತುದಿಯ ಹತ್ತಿರ ಸೇರುತ್ತದೆ. ಗಾಜಿನ ನೂಲಿನ ಫೈಬರ್ ಪೋಸ್ಟಿನ ಬಿಗಿತ ಡೆಂಟಿನ್‌ಗೆ ಎಷ್ಟೋ ಹತ್ತಿರ. ಅದು ಬೇರಿನ ಜೊತೆಗೇ ಬಾಗುತ್ತದೆ, ಒತ್ತಡವೂ ಹಂಚಿಹೋಗುತ್ತದೆ.

ಆಕಾರವೂ ಲೆಕ್ಕಕ್ಕೆ ಬರುತ್ತದೆ. ತುದಿಗೆ ಚೂಪಾಗುವ ಪೋಸ್ಟ್, ಸೌದೆಗೆ ಹೊಡೆದ ಬೆಣೆಯ ಹಾಗೆ ಬೇರನ್ನು ಅಗಲಿಸುತ್ತದೆ. ಉದ್ದಕ್ಕೂ ಒಂದೇ ದಪ್ಪದ್ದು ಹಿಡಿತದಲ್ಲಿ ಮೇಲು, ಆದರೆ ಬೇರಿನ ತೆಳು ತುದಿಯಲ್ಲಿ ಜಾಸ್ತಿ ಕೊರೆಯಬೇಕು. ತಿರುಪು ಹಾಕಿ ಕೂರಿಸುವ ಸ್ಕ್ರೂ ಪೋಸ್ಟ್ ಅಂತೂ ಬೇಡವೇ ಬೇಡ.

ಜಿರ್ಕೋನಿಯಾ ಅನ್ನುವ ಪಿಂಗಾಣಿಯಂಥ ಪೋಸ್ಟ್ ನಾನು ಹಾಕಿಸಿಲ್ಲ. ಬಿಳಿ ಬಣ್ಣ, ಮುಂದಿನ ಹಲ್ಲಿಗೆ ಚೆಂದ. ಆದರೆ ಬಿಗಿತ ಸ್ಟೀಲಿನಷ್ಟೇ, ಮತ್ತೆ ತೆಗೆಯಬೇಕಾದರೆ ದೊಡ್ಡ ತಲೆನೋವು.

ಫೈಬರ್‌ನದೂ ಒಂದು ಕಿರಿಕಿರಿ ಇದೆ. ಮದುವೆ ಊಟದಲ್ಲಿ ಕ್ಯಾಪಿನ ಸಮೇತ ಕಿತ್ತು ಕೈಗೆ ಬಂತು. ಅಂಟು ಬಿಟ್ಟಿತ್ತು ಅಷ್ಟೇ, ಬೇರು ಗಟ್ಟಿಯಾಗಿಯೇ ಇತ್ತು. ಸ್ವಚ್ಛ ಮಾಡಿ, ಎಂಜಲು ತಾಗದಂತೆ ಒಣಗಿಸಿ ಮತ್ತೆ ಅಂಟಿಸಿದರು.

ಲೋಹದ ಪರವಾಗಿಯೂ ಒಂದು ಮಾತು. ಕ್ಯಾಪ್ ಹಿಡಿಯಲು ವಸಡಿನ ಮೇಲೆ ಸುತ್ತಲೂ 2 ಮಿಲಿಮೀಟರ್ ಗಟ್ಟಿ ಹಲ್ಲು ಉಳಿದಿರಬೇಕು, ಸೀಳಿದ ನನ್ನ ಆ ಹಲ್ಲಿನಲ್ಲಿ ಅಷ್ಟಿರಲಿಲ್ಲ. ಹಾಗಾಗಿ ತಪ್ಪೆಲ್ಲ ಲೋಹದ್ದೇ ಅನ್ನಲಾಗದು. ಪೋಸ್ಟ್ ಯಾವುದೇ ಇರಲಿ, ಹಲ್ಲಿಗೆ ಬಲ ಕೊಡುವುದಿಲ್ಲ. ಮೇಲಿನ ಕಟ್ಟಡವನ್ನು ಹಿಡಿದಿಡುತ್ತದೆ, ಅಷ್ಟೇ ಅದರ ಕೆಲಸ.

ನನಗೆ ಎಲೆ ಅಡಿಕೆ ಅಭ್ಯಾಸ ಇದೆ, ಬಿಡುವುದಿಲ್ಲ. ಬೇರು ಸೀಳಿದರೆ ಹಲ್ಲು ಕಿತ್ತು ಇಂಪ್ಲಾಂಟಿಗೆ (ದವಡೆ ಎಲುಬಿಗೆ ಕೂರಿಸುವ ಕೃತಕ ಹಲ್ಲು) ದೊಡ್ಡ ದುಡ್ಡು ಬೇಕು, ಅಂಟು ಬಿಟ್ಟರೆ ಸಣ್ಣ ಬಿಲ್ಲಿನಲ್ಲಿ ಮುಗಿಯುತ್ತದೆ. ದಾವಣಗೆರೆಯಲ್ಲಿ ಎರಡು ಡೆಂಟಲ್ ಕಾಲೇಜುಗಳಿವೆ. ಹಾಕಿಸುವ ಮೊದಲು ಅಲ್ಲೂ ಒಮ್ಮೆ ರೇಟು ವಿಚಾರಿಸಿ, ಜೊತೆಗೆ ವಸಡಿನ ಮೇಲೆ ಎಷ್ಟು ಹಲ್ಲು ಉಳಿದಿದೆ ಅಂತಲೂ ಕೇಳಿ.